ಒಂದು ಹೊಡೆತ ಚಿನ್ನ, ಮುಂದಿನದು ಮಣ್ಣು: ಗಾಲ್ಫ್‌ನ ಐರನ್ ಹೊಡೆತಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರೈವರ್ (ತುಂಬಾ ದೂರ ಹೊಡೆಯುವ ಕ್ಲಬ್) ಕೆಟ್ಟರೆ ಬೇಜಾರಾಗುತ್ತದೆ. ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್; ನಂಬರ್ ಚಿಕ್ಕದಾದಷ್ಟೂ ಕ್ಲಬ್ ಉದ್ದ, ಚೆಂಡು ದೂರ) ಕೆಟ್ಟರೆ ತಲೆಯೇ ಕೆಡುತ್ತದೆ. ಯಾಕೆಂದರೆ ಹತ್ತು ನಿಮಿಷದ ಹಿಂದೆ ಅದೇ ಸೆವೆನ್ ಐರನ್‌ನಲ್ಲಿ, ಅದೇ ಕೈಯಲ್ಲಿ, ಚೆಂಡು ಗ್ರೀನ್ (ಕುಳಿ, ಧ್ವಜ ಇರುವ ನುಣುಪು ಹುಲ್ಲಿನ ಜಾಗ) ಮಧ್ಯಕ್ಕೆ ಹೋಗಿ ಕೂತಿತ್ತು. ಈಗ ಅರ್ಧ ದಾರಿಗೂ ಹೋಗಿಲ್ಲ. ಈ ಏರುಪೇರಿನ ಬಗ್ಗೆ ಆಟಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಬಲಗೈ ಆಟಗಾರರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಂಡು ಓದಿ.

ಒಂದು ಹೊಡೆತ ಅಷ್ಟು ಚೆನ್ನಾಗಿ ಬರುತ್ತೆ. ಮುಂದಿನದು ಯಾಕೆ ಹಾಗೆ ಕೆಡುತ್ತೆ?

ಬಹಳಷ್ಟು ಸಲ ಕಾರಣ ಒಂದೇ. ನಿಮ್ಮ ಕ್ಲಬ್ ನೆಲ ಮುಟ್ಟುವ ಜಾಗ ಪ್ರತಿ ಸಲ ಬದಲಾಗುತ್ತಿದೆ.

ಸ್ವಿಂಗ್ ಅಂದರೆ ಓರೆಯಾಗಿ ನಿಂತ ಒಂದು ವೃತ್ತ. ಆ ವೃತ್ತಕ್ಕೆ ಒಂದು ತಳ ಇರುತ್ತದೆ. ಕ್ಲಬ್ ತೀರಾ ಕೆಳಗೆ ಬರುವ ಜಾಗ ಅದು. ಡ್ರೈವರ್ ಹೊಡೆಯುವಾಗ ಚೆಂಡು ಟೀ (ನೆಲಕ್ಕೆ ಚುಚ್ಚುವ ಸಣ್ಣ ಗೂಟ) ಮೇಲೆ ಕೂತಿರುತ್ತದೆ, ತಳ ಸ್ವಲ್ಪ ಹಿಂದೆ ಮುಂದೆ ಆದರೂ ಚೆಂಡು ಸಿಗುತ್ತದೆ. ಐರನ್‌ಗೆ ಆ ರಿಯಾಯಿತಿ ಇಲ್ಲ. ಚೆಂಡು ಹುಲ್ಲಿನ ಮೇಲೇ ಇದೆ. ನಿಯಮದ ಪ್ರಕಾರ ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರುವಂತಿಲ್ಲ. ಅಂದರೆ ಅದರ ನಡುಮಟ್ಟ ನೆಲದಿಂದ ಸುಮಾರು 21 ಮಿಲಿಮೀಟರ್ ಎತ್ತರದಲ್ಲಿದೆ. ಕ್ಲಬ್‌ನ ಕೆಳ ಅಂಚು ನೆಲಕ್ಕೂ ಆ ಮಟ್ಟಕ್ಕೂ ನಡುವೆ ನುಸುಳಬೇಕು. ಇರುವುದು ಹೆಬ್ಬೆರಳಿನ ಅಗಲದಷ್ಟು ಜಾಗ.

ಹಾಗಾಗಿ ಒಳ್ಳೆಯ ಹೊಡೆತಕ್ಕೂ ಕೆಟ್ಟ ಹೊಡೆತಕ್ಕೂ ನಡುವೆ ಎರಡು ಮೂರು ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಸಾಕು. ಒಂದೊಂದು ಕೆಟ್ಟ ಹೊಡೆತಕ್ಕೂ ಒಂದೊಂದು ಹೊಸ ರಿಪೇರಿ ಶುರು ಮಾಡಬೇಡಿ. ಮೊದಲು ನೆಲ ಮುಟ್ಟುವ ಜಾಗವನ್ನು ಹಿಡಿತಕ್ಕೆ ತನ್ನಿ. ದಿಕ್ಕು ಆಮೇಲೆ. ದೂರದ ಲೆಕ್ಕ ಅದಕ್ಕೂ ಆಮೇಲೆ. ಈ ಕ್ರಮ ತಪ್ಪಿಸಿದವರು ವರ್ಷಗಟ್ಟಲೆ ಸುತ್ತಿದಲ್ಲೇ ಸುತ್ತುವುದನ್ನು ನೋಡಿದ್ದೇನೆ.

ಹಾಗಾದರೆ ಕ್ಲಬ್ ನೆಲ ಮುಟ್ಟಬೇಕಾದ್ದು ಎಲ್ಲಿ?

ಚೆಂಡು ಮೊದಲು, ನೆಲ ಆಮೇಲೆ. ವೃತ್ತಿಪರರ ಸೆವೆನ್ ಐರನ್ ಹೊಡೆತವನ್ನು ರೇಡಾರ್ ಯಂತ್ರದಲ್ಲಿ ಅಳೆದರೆ, ಚೆಂಡಿಗೆ ತಾಗುವ ಹೊತ್ತಿಗೆ ಕ್ಲಬ್ ಇನ್ನೂ ಸುಮಾರು 4 ಡಿಗ್ರಿ ಕೆಳಮುಖವಾಗಿ ಇಳಿಯುತ್ತಿರುತ್ತದೆ. ವೃತ್ತದ ತಳ ಚೆಂಡಿಗಿಂತ ಮೂರು ನಾಲ್ಕು ಇಂಚು ಮುಂದೆ, ಗುರಿಯ ಕಡೆಗೆ ಇರುತ್ತದೆ. ಚೆಂಡು ಮತ್ತು ಕ್ಲಬ್ ಒಟ್ಟಿಗೆ ಇರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಅವರು ಹೊಡೆದಾಗ ಹಾರುವ ಹುಲ್ಲಿನ ತುಂಡು ಚೆಂಡು ಹೊರಟುಹೋದ ಮೇಲೆ ಎದ್ದದ್ದು.

ಒಳ್ಳೆಯ ಡಿವಟ್ (ಹುಲ್ಲು ಕಿತ್ತುಬಂದ ಜಾಗ) ಸಿಕ್ಕರೆ ಒಮ್ಮೆ ಕುಕ್ಕರುಗಾಲಲ್ಲಿ ಕೂತು ನೋಡಿ. ಚೆಂಡು ಇದ್ದ ಜಾಗದ ಹುಲ್ಲು ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಅದರ ಮುಂದಿನಿಂದ ಕೆರೆದ ಗುರುತು ಶುರುವಾಗುತ್ತದೆ. ಅಂಗೈಯಷ್ಟು ಉದ್ದ, ತೆಳ್ಳಗೆ, ತಳ ಸಪಾಟು. ಬೇರಿನ ಬಿಳಿ ಎಳೆಗಳು ಕಾಣುತ್ತವೆ, ಗುಂಡಿ ಬಿದ್ದಿರುವುದಿಲ್ಲ. ಚೆಂಡಿನ ಹಿಂದೆಯೇ ಆಳವಾಗಿ ಶುರುವಾದ ಗುಂಡಿ ನಿಮ್ಮದಾಗಿದ್ದರೆ ಕಥೆ ಅಲ್ಲೇ ಗೊತ್ತಾಯಿತು. ನೋಡಿ ಆದ ಮೇಲೆ ಕಿತ್ತ ಹುಲ್ಲನ್ನು ಅದೇ ಜಾಗಕ್ಕೆ ಇಟ್ಟು ಕಾಲಿನಿಂದ ಒತ್ತಿ.

ನನ್ನ ಕ್ಲಬ್ ಎಲ್ಲಿ ನೆಲ ಮುಟ್ಟುತ್ತಿದೆ ಅಂತ ತಿಳಿಯೋದು ಹೇಗೆ?

ಒಂದು ಗೆರೆ ಸಾಕು. ಅಭ್ಯಾಸದ ಹುಲ್ಲಿನ ಮೇಲೆ ಗುರಿಯ ದಿಕ್ಕಿಗೆ ಅಡ್ಡವಾಗಿ ಒಂದು ಬಿಳಿ ಗೆರೆ ಎಳೆಯಿರಿ. ಕಾಲಿಗೆ ಹಚ್ಚುವ ಪೌಡರ್ ಆದರೂ ಆಯಿತು, ಮೈದಾನದವರು ಒಪ್ಪಿದರೆ ಸ್ಪ್ರೇ ಬಣ್ಣ ಆದರೂ ಆಯಿತು. ಬಂಕರ್ ಮರಳಿನಲ್ಲಿ ಕ್ಲಬ್ ತುದಿಯಿಂದ ಗೀಚಿದರೂ ನಡೆಯುತ್ತದೆ. ಗೆರೆ ನಿಮ್ಮ ಎರಡು ಪಾದಗಳ ನಡುವೆ, ಮಧ್ಯಕ್ಕಿಂತ ಕೂದಲೆಳೆ ಎಡಕ್ಕೆ ಬರುವ ಹಾಗೆ ನಿಲ್ಲಿ. ಚೆಂಡು ಬೇಡ. ಗೆರೆಯೇ ಚೆಂಡು ಅಂದುಕೊಂಡು ಸೆವೆನ್ ಐರನ್‌ನಲ್ಲಿ ಅರ್ಧ ಸ್ವಿಂಗ್ ಮಾಡಿ. ನೋಡಿ. ಒಂದು ಹೆಜ್ಜೆ ಹಿಂದಕ್ಕೆ ಸರಿದು ಅದೇ ಗೆರೆಯ ಮೇಲೆ ಮತ್ತೊಂದು. ಹೀಗೆ ಹತ್ತು.

ಈಗ ಹಿಂದೆ ಸರಿದು ನಿಂತು ಹತ್ತೂ ಗುರುತುಗಳನ್ನು ಒಟ್ಟಿಗೆ ನೋಡಿ. ಗೆರೆಯ ಮೇಲೆ ಅಥವಾ ಮುಂದೆ ಶುರುವಾದವು ಎಷ್ಟು? ಹಿಂದೆ ಶುರುವಾದವು ಎಷ್ಟು? ಎಷ್ಟು ಸಲ ನೆಲವೇ ಮುಟ್ಟಿಲ್ಲ? ಇದನ್ನು ಬರೆದಿಟ್ಟುಕೊಳ್ಳಿ. ನಾನು ಮೊದಲ ಸಲ ಮಾಡಿದಾಗ ಮೂರು ಮುಂದೆ, ಆರು ಹಿಂದೆ, ಒಂದು ಗಾಳಿ. ಅಲ್ಲಿಯ ತನಕ ನನ್ನ ತೊಂದರೆ ಗ್ರಿಪ್‌ನಲ್ಲಿದೆ ಅಂತ ನಂಬಿದ್ದೆ. ನೆಲ ಬೇರೆಯದೇ ಹೇಳಿತು.

ಎಂಟು ಗುರುತು ಗೆರೆಯ ಮುಂದೆ ಬೀಳುವ ತನಕ ಚೆಂಡು ಇಡಬೇಡಿ. ಬೇಸರ ಬರುತ್ತದೆ, ಗೊತ್ತು. ಆದರೂ ಈ ಪುಟದಿಂದ ಒಂದೇ ಒಂದು ಸಂಗತಿ ತೆಗೆದುಕೊಂಡು ಹೋಗುವುದಾದರೆ ಈ ಗೆರೆಯನ್ನು ತೆಗೆದುಕೊಂಡು ಹೋಗಿ.

ನನಗೆ ಫ್ಯಾಟ್ ಕೂಡ ಆಗುತ್ತೆ, ಥಿನ್ ಕೂಡ ಆಗುತ್ತೆ. ಇವೆರಡೂ ಉಲ್ಟಾ ತಪ್ಪುಗಳಲ್ವಾ?

ನೋಡಲು ಉಲ್ಟಾ, ಹುಟ್ಟುವುದು ಸಾಮಾನ್ಯವಾಗಿ ಒಂದೇ ಕಡೆ. ವೃತ್ತದ ತಳ ಚೆಂಡಿನ ಹಿಂದೆ ಬಿದ್ದಿದೆ ಅಂದುಕೊಳ್ಳಿ. ಕ್ಲಬ್ ಅಲ್ಲಿ ನೆಲಕ್ಕೆ ಕಚ್ಚಿಕೊಂಡರೆ ಫ್ಯಾಟ್. ಕಚ್ಚದೆ ಸವರಿಕೊಂಡು ಹೋದರೆ ಅದು ಮೇಲೇಳುತ್ತಾ ಬಂದು ಚೆಂಡಿನ ಹೊಟ್ಟೆಗೆ ಅಂಚಿನಿಂದ ಬಡಿಯುತ್ತದೆ. ಅದೇ ಥಿನ್. ಇನ್ನೂ ಮೇಲೆ ತಾಗಿದರೆ ಟಾಪ್. ಫ್ಯಾಟ್ ಆದ ತಕ್ಷಣ ಮುಂದಿನ ಸಲ ಮೈ ತಾನಾಗಿಯೇ ನೆಲಕ್ಕೆ ಹೆದರಿ ಸ್ವಲ್ಪ ಮೇಲೇಳುತ್ತದೆ. ಆಗ ಥಿನ್ ಬರುತ್ತದೆ. ಆಟಗಾರ ಎರಡು ರೋಗ ಅಂದುಕೊಂಡು ಎರಡು ಔಷಧಿ ಹುಡುಕುತ್ತಾನೆ. ತಳವನ್ನು ಮುಂದಕ್ಕೆ ತಂದರೆ ಎರಡೂ ಒಟ್ಟಿಗೆ ಕಡಿಮೆಯಾಗುತ್ತವೆ.

ಫ್ಯಾಟ್ ಹೊಡೆತ ಯಾರನ್ನೂ ಬಿಟ್ಟಿಲ್ಲ. 1971ರ ಫೆಬ್ರವರಿಯಲ್ಲಿ ಅಪೋಲೋ 14ರ ಆಲನ್ ಶೆಪರ್ಡ್ ಚಂದ್ರನ ಮೇಲೆ ಸಿಕ್ಸ್ ಐರನ್ ಬೀಸಿದರು. ಮಣ್ಣಿನ ಮಾದರಿ ತೆಗೆಯುವ ಉಪಕರಣದ ಹಿಡಿಗೆ ಕ್ಲಬ್‌ನ ತಲೆ ಸಿಕ್ಕಿಸಿಕೊಂಡಿದ್ದರು. ದಪ್ಪ ಉಡುಪಿನಿಂದಾಗಿ ಒಂದೇ ಕೈಯಲ್ಲಿ ಬೀಸಬೇಕಾಗಿತ್ತು. ಮೊದಲ ಬೀಸಿಗೆ ಚೆಂಡಿಗಿಂತ ಧೂಳೇ ಜಾಸ್ತಿ ಸಿಕ್ಕಿತು.

"ತಲೆ ಎತ್ತಬೇಡ" ಅಂತ ಎಲ್ಲರೂ ಹೇಳ್ತಾರೆ. ಅದು ಸರಿನಾ?

ಅರ್ಧ ಸರಿ. ಟಾಪ್ ಆದಾಗ ತಲೆ ಎದ್ದಿರುತ್ತದೆ ನಿಜ. ಆದರೆ ಮೊದಲು ಎದ್ದದ್ದು ತಲೆ ಅಲ್ಲ, ಸೊಂಟ. ಡೌನ್‌ಸ್ವಿಂಗ್‌ನಲ್ಲಿ ಸೊಂಟ ಚೆಂಡಿನ ಕಡೆಗೆ ನುಗ್ಗಿದರೆ ಕೈಗಳಿಗೆ ಜಾಗ ಸಾಲುವುದಿಲ್ಲ. ಬೆನ್ನು ನೆಟ್ಟಗಾಗುತ್ತದೆ, ತಲೆ ಅದರ ಜೊತೆ ಏಳುತ್ತದೆ. ತಲೆಯನ್ನು ಬಲವಂತವಾಗಿ ಕೆಳಗೆ ಹಿಡಿದುಕೊಂಡರೆ ಮೈ ತಿರುಗುವುದೇ ನಿಂತುಹೋಗುತ್ತದೆ, ತೂಕ ಹಿಂದೆ ಉಳಿಯುತ್ತದೆ. ಹಿಂಭಾಗ ಗೋಡೆಗೆ ತಾಗುವಂತೆ ನಿಂತು, ಕ್ಲಬ್ ಇಲ್ಲದೆ, ಕೈ ಕಟ್ಟಿಕೊಂಡು ತಿರುಗುವ ಅಭ್ಯಾಸ ಮಾಡಿ. ಹಿಂದಕ್ಕೆ ತಿರುಗುವಾಗ ಬಲಭಾಗ ಗೋಡೆಗೆ ತಾಗಿರಲಿ, ಮುಂದಕ್ಕೆ ತಿರುಗುವಾಗ ಎಡಭಾಗ ತಾಗಲಿ. ಚೆಂಡು ಹೋದ ಮೇಲೆ ತಲೆ ಮೈ ಜೊತೆ ಹಾಯಾಗಿ ಎದ್ದು ಗುರಿ ನೋಡಲಿ, ಏನೂ ತೊಂದರೆ ಇಲ್ಲ.

ತೂಕ ಮುಂದಕ್ಕೆ ತರಬೇಕು ಅಂತಾರೆ. ಯಾವಾಗ, ಎಷ್ಟು?

ಹೆಚ್ಚಿನವರು ತಡವಾಗಿ ತರುತ್ತಾರೆ. ಚೆಂಡು ಹೊಡೆದು ಆದ ಮೇಲೆ ಎಡಗಾಲಿಗೆ ಬರುತ್ತಾರೆ. ಆ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಕ್ಲಬ್ ಮೇಲೆ ಹೋಗಿ ಇನ್ನೂ ಪೂರ್ತಿ ನಿಲ್ಲುವ ಮೊದಲೇ ಎಡಪಾದದ ಕೆಳಗೆ ಒತ್ತಡ ಶುರುವಾಗಿರಬೇಕು. ಚೆಂಡಿಗೆ ತಾಗುವ ಹೊತ್ತಿಗೆ ತೂಕದ ದೊಡ್ಡ ಪಾಲು ಎಡಗಾಲಿನ ಮೇಲಿರಬೇಕು.

ಇದನ್ನು ಓದಿ ಕಲಿಯುವುದು ಕಷ್ಟ, ಕಾಲಿಗೇ ಕಲಿಸಬೇಕು. ಬಲಗಾಲನ್ನು ಒಂದು ಅಡಿ ಹಿಂದಕ್ಕೆ ಎಳೆದು ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ಊರಿ. ಮೈ ಪೂರ್ತಿ ಎಡಗಾಲಿನ ಮೇಲೆ. ನೈನ್ ಐರನ್ ತೆಗೆದುಕೊಂಡು ಸೊಂಟದ ಎತ್ತರದಿಂದ ಸೊಂಟದ ಎತ್ತರಕ್ಕೆ ಸಣ್ಣ ಹೊಡೆತಗಳನ್ನು ಹೊಡೆಯಿರಿ. ಹಿಂದೆ ವಾಲಲು ಕಾಲೇ ಇಲ್ಲವಾದ್ದರಿಂದ ಕ್ಲಬ್ ತಾನಾಗಿ ಚೆಂಡಿನ ಮುಂದೆ ನೆಲ ಮುಟ್ಟುತ್ತದೆ. ಆಗ ಬರುವ ಸದ್ದನ್ನು ಗಮನಿಸಿ. ಮೊದಲು ಗಟ್ಟಿಯಾದ 'ಟಕ್', ಅದರ ಬೆನ್ನಿಗೇ ಹುಲ್ಲಿನ ಸಣ್ಣ 'ಸರ್'. ಫ್ಯಾಟ್ ಹೊಡೆತದಲ್ಲಿ ಮೊದಲು 'ಧಪ್' ಅನ್ನುತ್ತದೆ. ಕಣ್ಣು ಮುಚ್ಚಿಕೊಂಡೇ ಹೇಳಬಹುದು ಯಾವುದು ಯಾವುದೆಂದು.

ಇಪ್ಪತ್ತು ಹೊಡೆತ ಆದ ಮೇಲೆ ಎರಡೂ ಕಾಲು ಊರಿ ಹೊಡೆಯಿರಿ. ಮುಗಿಸಿದಾಗ ಎಡಗಾಲಿನ ಮೇಲೆ ನಿಂತು ಚೆಂಡು ನೆಲಕ್ಕೆ ಬೀಳುವ ತನಕ ಅಲುಗಾಡದೆ ಇರಲು ಆಗುತ್ತದಾ ನೋಡಿ. ಆಗದಿದ್ದರೆ ತೂಕ ಇನ್ನೂ ಹಿಂದೆಯೇ ಇದೆ.

ಒಂದು ಎಚ್ಚರಿಕೆ. ತೂಕ ತರುವುದು ಅಂದರೆ ಇಡೀ ಮೈಯನ್ನು ಎಡಕ್ಕೆ ಜಾರಿಸುವುದಲ್ಲ. ಎದೆ ಚೆಂಡಿನ ಮೇಲೆಯೇ ಇರುತ್ತದೆ, ಕೆಳಗೆ ಸೊಂಟ ಮುಂದೆ ಹೋಗಿ ತಿರುಗುತ್ತದೆ.

ಚೆಂಡು ಮೇಲಕ್ಕೇ ಏಳಲ್ಲ. ಸ್ವಲ್ಪ ಎತ್ತಿ ಹೊಡೆಯಬಾರದಾ?

ಬೇಡ. ಎತ್ತುವ ಕೆಲಸ ಕ್ಲಬ್‌ಗೆ ಬಿಡಿ. ಈಗಿನ ಸೆವೆನ್ ಐರನ್‌ಗಳ ಮುಖ ಸುಮಾರು 30 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಆ ಓರೆಗೆ ಲಾಫ್ಟ್ ಅನ್ನುತ್ತಾರೆ. ಇಳಿಯುತ್ತಾ ಬಂದು ತಾಗಿದರೂ ಆ ಲಾಫ್ಟ್ ಚೆಂಡನ್ನು ಮೇಲಕ್ಕೆ ಕಳಿಸುತ್ತದೆ, ಹಿಂದಕ್ಕೆ ತಿರುಗುವ ಸ್ಪಿನ್ ಕೊಡುತ್ತದೆ. ವೃತ್ತಿಪರರ ಸೆವೆನ್ ಐರನ್ ಹೊಡೆತದಲ್ಲಿ ಚೆಂಡು ನಿಮಿಷಕ್ಕೆ ಸುಮಾರು 7,000 ಸುತ್ತಿನ ವೇಗದಲ್ಲಿ ತಿರುಗುತ್ತದೆ. ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದು ಆ ಸ್ಪಿನ್.

ಆದರೆ ನಮ್ಮ ಕೈಗೆ ಇದು ಗೊತ್ತಿಲ್ಲ. ಚೆಂಡಿನ ಹತ್ತಿರ ಬಂದಾಗ ಬಲ ಮಣಿಕಟ್ಟು ಮಡಚಿದ್ದನ್ನು ಬಿಚ್ಚಿ, ನೀರು ಮೊಗೆದ ಹಾಗೆ ಮೊಗೆಯಲು ಹೋಗುತ್ತದೆ. ಆಗ ಕ್ಲಬ್‌ನ ತಲೆ ಕೈಯನ್ನು ದಾಟಿ ಮುಂದೆ ಹೋಗುತ್ತದೆ. ತಳ ಹಿಂದಕ್ಕೆ ಬೀಳುತ್ತದೆ. ಚೆಂಡಿಗೆ ತಾಗುವಾಗ ಕೈಗಳು ಚೆಂಡಿಗಿಂತ ಸ್ವಲ್ಪ ಮುಂದೆ, ಎಡ ತೊಡೆಯ ಎದುರು ಇರಬೇಕು. ಕ್ಲಬ್‌ನ ಹಿಡಿ ಗುರಿಯ ಕಡೆ ತುಸು ವಾಲಿರಬೇಕು.

ಚೆಂಡಿನ ಹಿಂದೆ ನಾಲ್ಕೈದು ಇಂಚು ದೂರದಲ್ಲಿ ಒಂದು ಮಡಚಿದ ಟವೆಲ್ ಇಟ್ಟು ಹೊಡೆಯಿರಿ. ಮೊಗೆದರೆ ಟವೆಲ್ ಎದ್ದು ಬರುತ್ತದೆ. ಇದಕ್ಕಿಂತ ಪ್ರಾಮಾಣಿಕ ಗುರು ಸಿಗುವುದು ಕಷ್ಟ.

ಚೆಂಡನ್ನು ಎಲ್ಲಿಡಬೇಕು? ಮಧ್ಯಕ್ಕಾ, ಮುಂದಕ್ಕಾ?

ವೆಜ್ (ಹತ್ತಿರದ ಹೊಡೆತದ ಕ್ಲಬ್) ಮತ್ತು ನೈನ್ ಐರನ್‌ಗೆ ಎರಡು ಹಿಮ್ಮಡಿಗಳ ಮಧ್ಯ. ಸೆವೆನ್, ಸಿಕ್ಸ್‌ಗೆ ಒಂದು ಚೆಂಡಿನಷ್ಟು ಎಡಕ್ಕೆ. ಫೈವ್, ಫೋರ್‌ಗೆ ಇನ್ನೂ ಒಂದು ಚೆಂಡಿನಷ್ಟು. ಇದರಲ್ಲಿ ಆಟಗಾರರಿಂದ ಆಟಗಾರರಿಗೆ ಸ್ವಲ್ಪ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ದಿನದಿಂದ ದಿನಕ್ಕೆ ಹೆಚ್ಚು ಕಡಿಮೆ ಆಗಬಾರದು, ಅದು ಮುಖ್ಯ.

ಇದನ್ನು ನಾನು ನೋವುಪಟ್ಟು ಕಲಿತೆ. ಒಮ್ಮೆ ಮೂರು ವಾರ ನನ್ನ ಐರನ್ ಹೊಡೆತಗಳೆಲ್ಲ ಬಲಕ್ಕೆ, ತಗ್ಗಾಗಿ ಹೋಗತೊಡಗಿದವು. ಸ್ವಿಂಗ್ ಬದಲಿಸಿದೆ, ಗ್ರಿಪ್ ಬದಲಿಸಿದೆ, ರಾತ್ರಿ ಕನ್ನಡಿ ಮುಂದೆ ನಿಂತೆ. ಕೊನೆಗೆ ಒಂದು ದಿನ ನೆಲದ ಮೇಲೆ ಎರಡು ಕೋಲು ಇಟ್ಟೆ. ಒಂದು ಗುರಿಯ ದಿಕ್ಕಿಗೆ, ಇನ್ನೊಂದು ಅದಕ್ಕೆ ಅಡ್ಡವಾಗಿ ಚೆಂಡಿನಿಂದ ಕಾಲಿನ ತನಕ. ಅಡ್ಡ ಕೋಲು ನನ್ನ ಬಲಪಾದದ ಹತ್ತಿರ ಬಂದು ನಿಂತಿತ್ತು! ಮಧ್ಯದಲ್ಲಿದೆ ಅಂದುಕೊಂಡಿದ್ದ ಚೆಂಡು ಎರಡು ಚೆಂಡಿನಷ್ಟು ಹಿಂದೆ ಇತ್ತು. ಎಡಪಾದದ ಬೆರಳುಗಳನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದರಿಂದ ಮೇಲಿನಿಂದ ನೋಡಿದಾಗ ಕಣ್ಣು ಮೋಸ ಹೋಗುತ್ತದೆ. ಅದಕ್ಕೇ ಬೆರಳಿನಿಂದ ಅಳೆಯಬೇಡಿ, ಹಿಮ್ಮಡಿಯಿಂದ ಅಳೆಯಿರಿ. ಈಗಲೂ ಅಭ್ಯಾಸ ಶುರು ಮಾಡುವ ಮೊದಲು ಆ ಎರಡು ಕೋಲು ಇಡದೆ ಒಂದು ಚೆಂಡೂ ಹೊಡೆಯುವುದಿಲ್ಲ.

ಚೆಂಡಿನಿಂದ ಎಷ್ಟು ದೂರ ನಿಲ್ಲಬೇಕು?

ಸೊಂಟದಿಂದ ಬಗ್ಗಿ, ಮಂಡಿ ಸ್ವಲ್ಪ ಸಡಿಲ ಬಿಟ್ಟು, ಕೈಗಳನ್ನು ಭುಜದಿಂದ ಸುಮ್ನೆ ಜೋತುಬಿಡಿ. ಅವು ಎಲ್ಲಿ ಜೋತವೋ ಅಲ್ಲೇ ಕ್ಲಬ್ ಹಿಡಿಯಿರಿ. ಕ್ಲಬ್ ನೆಲ ಮುಟ್ಟಿದ ಜಾಗದಲ್ಲಿ ಚೆಂಡು ಇರಲಿ.

ಗ್ರಿಪ್ ಎಷ್ಟು ಬಿಗಿ ಇರಬೇಕು?

ಕ್ಲಬ್ ಜಾರದಷ್ಟು ಇದ್ದರೆ ಸಾಕು. ಮೊಣಕೈ ತನಕ ಸ್ನಾಯು ಗಟ್ಟಿಯಾಗಿದ್ದರೆ ಅದು ಜಾಸ್ತಿಯಾಯಿತು. ಬಿಗಿ ಹಿಡಿದ ಕೈ ಸ್ನಾಯುಗಳನ್ನು ಮೇಲಕ್ಕೆಳೆದು ಥಿನ್ ಹೊಡೆತಕ್ಕೆ ದಾರಿ ಮಾಡುತ್ತದೆ. ಒಂದು ಮಾತು: ಗ್ರಿಪ್ ರಬ್ಬರ್ ಹಳೆಯದಾಗಿ ನುಣುಪಾಗಿದ್ದರೆ ಕೈ ತಾನಾಗಿಯೇ ಬಿಗಿಯಾಗುತ್ತದೆ. ಮೊದಲು ಅದನ್ನು ಬದಲಿಸಿ.

ಮೆಲ್ಲಗೆ ಬೀಸಿದರೆ ಸರಿಯಾಗುತ್ತಾ?

ಎಲ್ಲರಿಗೂ ಮೆಲ್ಲಗೆ ಅನ್ನುವುದು ಸರಿಯಾದ ಸಲಹೆ ಅಲ್ಲ. ವೇಗಕ್ಕಿಂತ ತಾಳ ಮುಖ್ಯ. ಒಳ್ಳೆಯ ಆಟಗಾರರಲ್ಲಿ ಬ್ಯಾಕ್‌ಸ್ವಿಂಗ್‌ಗೆ ಮೂರು ಪಾಲು ಸಮಯ, ಅಲ್ಲಿಂದ ಚೆಂಡಿಗೆ ಬರಲು ಒಂದು ಪಾಲು. ಮುಕ್ಕಾಲು ಸೆಕೆಂಡು ಮೇಲೆ, ಕಾಲು ಸೆಕೆಂಡು ಕೆಳಗೆ ಅಂತ ಇಟ್ಟುಕೊಳ್ಳಿ. "ಒಂದು, ಎರಡು, ಮೂರು" ಅಂತ ಎಣಿಸುತ್ತಾ ಮೇಲೆ ಹೋಗಿ, "ಹೊಡಿ" ಅನ್ನುವಾಗ ಕೆಳಗೆ ಬನ್ನಿ. ಅವಸರದವರು ಮೇಲೆ ಹೋಗುವುದನ್ನು ಅರ್ಧಕ್ಕೇ ಬಿಟ್ಟು ಭುಜದಿಂದ ದಬ್ಬುತ್ತಾರೆ. ಬಹಳ ನಿಧಾನದವರು ಮೇಲೆ ಹೋಗಿ ನಿಂತು, ಆಮೇಲೆ ಗಾಬರಿಯಲ್ಲಿ ಬಡಿಯುತ್ತಾರೆ. ಇಬ್ಬರಿಗೂ ಈ ಎಣಿಕೆ ಕೈ ಹಿಡಿಯುತ್ತದೆ.

ಚೆಂಡು ಸರಿಯಾಗಿ ತಾಗುತ್ತೆ. ಆದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಇದಕ್ಕೇನು?

ಈಗ ದಿಕ್ಕಿನ ಸರದಿ. ಚೆಂಡು ಹೊರಡುವ ದಿಕ್ಕನ್ನು ಮುಖ್ಯವಾಗಿ ತೀರ್ಮಾನಿಸುವುದು ಕ್ಲಬ್‌ನ ಮುಖ. ಐರನ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಮುಖದ್ದು, ಉಳಿದದ್ದು ಕ್ಲಬ್ ಬೀಸಿ ಬಂದ ದಾರಿಯದ್ದು. ಚೆಂಡು ಆಮೇಲೆ ಯಾವ ಕಡೆ ಬಾಗುತ್ತದೆ ಅನ್ನುವುದು ಮುಖಕ್ಕೂ ದಾರಿಗೂ ಇರುವ ವ್ಯತ್ಯಾಸದಿಂದ ಬರುತ್ತದೆ. ಮುಖ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಎಡಕ್ಕೆ ಮುಚ್ಚಿದ್ದರೆ ಎಡಕ್ಕೆ.

ಹಾಗಾಗಿ ಚೆಂಡು ಎಲ್ಲಿ ಬಿತ್ತು ಅನ್ನುವುದಕ್ಕಿಂತ ಹೇಗೆ ಹೊರಟಿತು ಅಂತ ನೋಡಿ. ಮೊದಲ ಹತ್ತು ಗಜ ಮುಖದ ಸುದ್ದಿ ಹೇಳುತ್ತದೆ, ಕೊನೆಯ ಬಾಗು ದಾರಿಯ ಸುದ್ದಿ ಸೇರಿಸುತ್ತದೆ. ಎಡಕ್ಕೆ ಹೊರಟು ನೆಟ್ಟಗೆ ಎಡಕ್ಕೇ ಹೋಯಿತಾ? ಮುಖ, ದಾರಿ ಎರಡೂ ಎಡಕ್ಕೆ ಇದ್ದವು. ಬಹಳ ಸಲ ಇದರ ಮೂಲ ನಿಂತ ರೀತಿಯಲ್ಲೇ ಇರುತ್ತದೆ. ಅನೇಕರು ಪಾದಗಳನ್ನೇ ಧ್ವಜದ ಕಡೆಗೆ ಗುರಿಯಿಟ್ಟು ನಿಲ್ಲುತ್ತಾರೆ. ಪಾದದ ಗೆರೆ ಧ್ವಜಕ್ಕೆ ಹೋದರೆ ಚೆಂಡಿನ ಗೆರೆ ಅದರ ಬಲಕ್ಕೆ ಹೋಗುತ್ತದೆ, ಆಮೇಲೆ ಮೈ ಅದನ್ನು ಸರಿಪಡಿಸಲು ಎಡಕ್ಕೆ ಎಳೆಯುತ್ತದೆ. ರೈಲು ಹಳಿ ನೆನಪಿಸಿಕೊಳ್ಳಿ. ಹೊರಗಿನ ಹಳಿಯ ಮೇಲೆ ಚೆಂಡು, ಒಳಗಿನ ಹಳಿಯ ಮೇಲೆ ನೀವು. ನಿಮ್ಮ ಹಳಿ ಧ್ವಜದ ಸ್ವಲ್ಪ ಎಡಕ್ಕೆ ನೋಡುತ್ತಿರುತ್ತದೆ.

ಶ್ಯಾಂಕ್ ಬಂದಿದೆ. ಹೋಗ್ತಾನೇ ಇಲ್ಲ.

ಹೆದರಬೇಡಿ. ಇದು ಹೋಗುವಂಥದ್ದೇ. ಚೆಂಡು ಕ್ಲಬ್‌ನ ಮುಖಕ್ಕೆ ತಾಗುವ ಬದಲು ಹೊಸೆಲ್‌ಗೆ, ಅಂದರೆ ಕೋಲು ತಲೆಗೆ ಸೇರುವ ಗುಂಡನೆಯ ಕುತ್ತಿಗೆಗೆ ತಾಗಿ ಬಲಕ್ಕೆ ಚಿಮ್ಮುತ್ತದೆ. ಕ್ಲಬ್ ಎರಡು ಮೂರು ಸೆಂಟಿಮೀಟರ್ ಹೊರಗೆ ಹೋಗಿದೆ, ಅಷ್ಟೇ. ತೂಕ ಬೆರಳುಗಳ ಮೇಲೆ ಬಿದ್ದಿರಬಹುದು, ಸೊಂಟ ಮುಂದೆ ನುಗ್ಗಿರಬಹುದು, ಕೈಗಳು ಮೈಯಿಂದ ದೂರ ಹೋಗಿರಬಹುದು.

ಕ್ಲಬ್‌ನ ಮುಖಕ್ಕೆ ತೆಳುವಾಗಿ ಪೌಡರ್ ಸ್ಪ್ರೇ ಹೊಡೆದು ಒಂದು ಚೆಂಡು ಹೊಡೆಯಿರಿ. ಚೆಂಡು ತಾಗಿದ ಕಡೆ ನಾಣ್ಯದಷ್ಟು ದುಂಡನೆ ಗುರುತು ಬೀಳುತ್ತದೆ, ಅದರೊಳಗೆ ಚೆಂಡಿನ ಸಣ್ಣ ಕುಳಿಗಳ ಅಚ್ಚು ಕೂಡ ಕಾಣುತ್ತದೆ. ಅದು ಕ್ಲಬ್‌ನ ಹಿಮ್ಮಡಿ ಕಡೆ, ಅಂದರೆ ಹೊಸೆಲ್ ಕಡೆ, ಎಷ್ಟು ಸರಿದಿದೆ ನೋಡಿ. ಈಗ ಚೆಂಡಿನ ಆಚೆ ಬದಿಯಲ್ಲಿ ಎರಡು ಬೆರಳು ಬಿಟ್ಟು ಒಂದು ಟೀ ಚುಚ್ಚಿ. ಟೀ ತಾಗದಂತೆ ಚೆಂಡು ಮಾತ್ರ ಹೊಡೆಯಬೇಕು. ಬೇಕೆಂದೇ ಮುಖದ ತುದಿಯಲ್ಲಿ, ಟೋ ಕಡೆ ತಾಗಿಸಲು ನೋಡಿ. ಐದಾರು ಸಲ ಟೋಗೆ ತಾಗಿತು ಅಂದರೆ ಶ್ಯಾಂಕ್ ಮಾಯ. ಆಮೇಲೆ ಮಧ್ಯಕ್ಕೆ ತರುವುದು ಸುಲಭ.

ರೇಂಜ್‌ನಲ್ಲಿ (ಅಭ್ಯಾಸದ ಮೈದಾನದಲ್ಲಿ) ಚೆನ್ನಾಗಿ ಬರುತ್ತೆ, ಆಟಕ್ಕೆ ಇಳಿದರೆ ಕೈಕೊಡುತ್ತೆ. ಯಾಕೆ?

ಮ್ಯಾಟ್ ಮೇಲೆ ಹೊಡೆಯುತ್ತೀರಾ? ಮೊದಲ ಕಾರಣ ಅದು. ಎರಡು ಇಂಚು ಹಿಂದೆ ಬಿದ್ದ ಕ್ಲಬ್ ಮ್ಯಾಟ್ ಮೇಲೆ ಜಾರಿ, ಪುಟಿದು ಚೆಂಡಿಗೆ ತಾಗುತ್ತದೆ. ಚೆಂಡು ಹಾರುತ್ತದೆ. ನೀವು ಖುಷಿಯಾಗಿ ಮುಂದಿನ ಚೆಂಡು ಎಳೆದುಕೊಳ್ಳುತ್ತೀರಿ. ಅದೇ ಸ್ವಿಂಗ್ ಹುಲ್ಲಿನ ಮೇಲೆ ಮಣ್ಣು ಅಗೆಯುತ್ತದೆ. ಮ್ಯಾಟ್ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ಟವೆಲ್ ಇಟ್ಟುಕೊಂಡೇ ಹೊಡೆಯಿರಿ.

ಎರಡನೆಯದು, ರೇಂಜ್‌ನಲ್ಲಿ ಒಂದೇ ಕ್ಲಬ್ಬನ್ನು ಸಾಲಾಗಿ ಮೂವತ್ತು ಸಲ ಬೀಸುತ್ತೇವೆ. ಹತ್ತನೆಯ ಹೊತ್ತಿಗೆ ಕೈ ತಾಳ ಹಿಡಿದಿರುತ್ತದೆ. ಆಟದಲ್ಲಿ ಡ್ರೈವರ್ ಹೊಡೆದು, ಇನ್ನೂರು ಗಜ ನಡೆದು, ಒಂದೇ ಒಂದು ಸಿಕ್ಸ್ ಐರನ್. ಎರಡನೇ ಅವಕಾಶ ಇಲ್ಲ.

ಮೂರನೆಯದು ನೆಲದ ಇಳಿಜಾರು. ಚೆಂಡು ಪಾದಕ್ಕಿಂತ ಎತ್ತರದಲ್ಲಿದ್ದರೆ ಎಡಕ್ಕೆ ಹೋಗುತ್ತದೆ, ಆದ್ದರಿಂದ ಕ್ಲಬ್ಬನ್ನು ಸ್ವಲ್ಪ ಕೆಳಗೆ ಹಿಡಿದು ಬಲಕ್ಕೆ ಗುರಿಯಿಡಿ. ಪಾದಕ್ಕಿಂತ ತಗ್ಗಿನಲ್ಲಿದ್ದರೆ ಬಲಕ್ಕೆ ಹೋಗುತ್ತದೆ. ಅಲ್ಲಿ ಮಂಡಿ ಇನ್ನಷ್ಟು ಮಡಚಿ ಕೊನೆಯ ತನಕ ಆ ಎತ್ತರ ಬಿಡಬೇಡಿ. ಏರಿನಲ್ಲಿ ಚೆಂಡು ಎತ್ತರಕ್ಕೆ ಹೋಗಿ ದೂರ ಕಡಿಮೆಯಾಗುತ್ತದೆ, ಒಂದು ನಂಬರ್ ದೊಡ್ಡ ಕ್ಲಬ್ (ಸೆವೆನ್ ಬದಲು ಸಿಕ್ಸ್) ತೆಗೆದುಕೊಳ್ಳಿ. ಇಳಿಜಾರೇ ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು. ಭುಜಗಳನ್ನು ಇಳಿಜಾರಿಗೆ ಸಮನಾಗಿ ವಾಲಿಸಿ, ಚೆಂಡನ್ನು ತುಸು ಹಿಂದೆ ಇಟ್ಟು, ಕ್ಲಬ್ಬನ್ನು ಇಳಿಜಾರಿನ ಗುಂಟ ಕೆಳಗೆ ಬಿಡಿ. ಎತ್ತಲು ಹೋದರೆ ಟಾಪ್ ಗ್ಯಾರಂಟಿ.

ಚೆನ್ನಾಗಿ ತಾಗಿದರೂ ದೂರ ಒಂದೊಂದು ಸಲ ಒಂದೊಂದು ಥರ. ಏನು ಮಾಡಲಿ?

ಕಾರಣ ಹುಲ್ಲಿನಲ್ಲೂ ಇರಬಹುದು. ರಫ್‌ನಲ್ಲಿ, ಅಂದರೆ ಉದ್ದ ಹುಲ್ಲಿನಲ್ಲಿ, ಕ್ಲಬ್‌ಗೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿಕೊಂಡರೆ ಸ್ಪಿನ್ ಕಡಿಮೆಯಾಗುತ್ತದೆ. ಚೆಂಡು ಅಂದುಕೊಂಡದ್ದಕ್ಕಿಂತ ಹತ್ತಾರು ಗಜ ಜಾಸ್ತಿ ಹಾರಿ, ಬಿದ್ದ ಮೇಲೂ ಓಡುತ್ತದೆ. ಇದಕ್ಕೆ ಫ್ಲೈಯರ್ ಅನ್ನುತ್ತಾರೆ. ಹುಲ್ಲು ತೀರಾ ದಟ್ಟವಾಗಿದ್ದರೆ ಉಲ್ಟಾ, ಕ್ಲಬ್ ಸಿಕ್ಕಿಹಾಕಿಕೊಂಡು ಮುಖ ಎಡಕ್ಕೆ ತಿರುಗಿ ಚೆಂಡು ಅಲ್ಲೇ ಮುಂದೆ ಬೀಳುತ್ತದೆ. ತಣ್ಣನೆ ಗಾಳಿಯಲ್ಲೂ ಚೆಂಡು ಕಡಿಮೆ ಹೋಗುತ್ತದೆ.

ಆದರೆ ದೊಡ್ಡ ಕಾರಣ ನಮ್ಮ ಲೆಕ್ಕ. ಯಾರನ್ನಾದರೂ ಕೇಳಿ, "ಸೆವೆನ್ ಐರನ್ ಎಷ್ಟು ದೂರ?" ಅವರು ಹೇಳುವುದು ಜೀವನದ ಅತ್ಯುತ್ತಮ ಹೊಡೆತದ ದೂರ. ಹತ್ತು ಚೆಂಡು ಹೊಡೆದು, ತೀರಾ ಉದ್ದದ ಎರಡು, ತೀರಾ ಗಿಡ್ಡದ ಎರಡು ಬಿಡಿ. ಉಳಿದ ಆರು ಮೊದಲು ನೆಲಕ್ಕೆ ಬಿದ್ದ ಜಾಗದ ಸರಾಸರಿ ನಿಮ್ಮ ನಂಬರ್. ಉರುಳಿದ್ದು ಲೆಕ್ಕಕ್ಕಿಲ್ಲ. ಎರಡು ಕ್ಲಬ್‌ಗಳ ನಡುವೆ ಸಿಕ್ಕಿಕೊಂಡರೆ ದೊಡ್ಡದನ್ನು ತೆಗೆದುಕೊಂಡು ಹಾಯಾಗಿ ಬೀಸಿ. ಚಿಕ್ಕದನ್ನು ಜೋರಾಗಿ ಬೀಸಲು ಹೋದಾಗಲೇ ತಳ ಹಿಂದಕ್ಕೆ ಓಡುವುದು.

ಉದ್ದದ ಐರನ್‌ಗಳು ಮಾತ್ರ ಬರೋದೇ ಇಲ್ಲ. ತಪ್ಪು ನನ್ನದಾ, ಕ್ಲಬ್‌ದಾ?

ಉದ್ದದ ಐರನ್ ನಿಜವಾಗಿಯೂ ಕಷ್ಟ. 1950ರ ಯು.ಎಸ್. ಓಪನ್‌ನಲ್ಲಿ ಬೆನ್ ಹೋಗನ್ ಮೆರಿಯನ್ ಮೈದಾನದ ಕೊನೆಯ ಹೋಲ್‌ನಲ್ಲಿ ಒನ್ ಐರನ್ ತೆಗೆದು ಗ್ರೀನ್ ಮುಟ್ಟಿಸಿದರು. ಹಿಂದಿನ ವರ್ಷ ಕಾರು ಅಪಘಾತದಲ್ಲಿ ಜೀವ ಉಳಿದದ್ದೇ ಹೆಚ್ಚು ಅನ್ನುವಂತಾಗಿತ್ತು ಅವರಿಗೆ. ಮರುದಿನ ಪ್ಲೇಆಫ್ ಆಡಿ ಗೆದ್ದರು. ಆ ಹೊಡೆತ ಹೊಡೆದ ಜಾಗದಲ್ಲಿ ಒಂದು ಫಲಕವನ್ನೇ ಹಾಕಿದ್ದಾರೆ. ಒನ್ ಐರನ್ ಅಷ್ಟು ಅಪರೂಪದ ಸಾಮರ್ಥ್ಯ ಬೇಡುತ್ತದೆ. ನಮ್ಮ ನಿಮ್ಮಂಥವರು ತ್ರೀ, ಫೋರ್ ಐರನ್ ಬಿಟ್ಟು ಹೈಬ್ರಿಡ್ (ಅದೇ ದೂರಕ್ಕೆ ಸುಲಭವಾಗಿ ಹೊಡೆಯಬಹುದಾದ ಕ್ಲಬ್) ಇಟ್ಟುಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಬ್ಯಾಗ್‌ನಲ್ಲಿ ಇರಬಹುದಾದ್ದು 14 ಕ್ಲಬ್. ಬಾರದ ಕ್ಲಬ್‌ಗೆ ಯಾಕೆ ಜಾಗ?

ಕ್ಲಬ್‌ನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಕ್ಲಬ್ ತಯಾರಿಸುವ ಪಿಂಗ್ ಸಂಸ್ಥೆ ಕಟ್ಟಿದ ಕಾರ್ಸ್ಟೆನ್ ಸೋಲ್‌ಹೈಮ್ ತಲೆಯ ತೂಕವನ್ನು ಅಂಚುಗಳಿಗೆ ಹಂಚುವ ಉಪಾಯವನ್ನು ಬಳಕೆಗೆ ತಂದವರಲ್ಲಿ ಮುಖ್ಯರು. ತೂಕ ಅಂಚಿನಲ್ಲಿದ್ದರೆ ಚೆಂಡು ಮಧ್ಯ ತಪ್ಪಿ ತಾಗಿದಾಗ ತಲೆ ಕಡಿಮೆ ತಿರುಚುತ್ತದೆ. ಹಿಂಭಾಗ ಟೊಳ್ಳಾಗಿರುವ ಕ್ಯಾವಿಟಿ ಬ್ಯಾಕ್ ಐರನ್‌ಗಳು ಆ ಜಾತಿಯವು. ಲೈ ಕೋನವನ್ನೂ, ಅಂದರೆ ಕೋಲು ತಲೆಗೆ ಸೇರುವ ಓರೆಯನ್ನೂ, ಒಮ್ಮೆ ಪರೀಕ್ಷೆ ಮಾಡಿಸಿ. ಹೊಡೆಯುವಾಗ ಕ್ಲಬ್‌ನ ಟೋ ಎದ್ದಿದ್ದರೆ ಚೆಂಡು ಎಡಕ್ಕೆ, ಹಿಮ್ಮಡಿ ಎದ್ದಿದ್ದರೆ ಬಲಕ್ಕೆ ಹೋಗಲು ನೋಡುತ್ತದೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎರಡು ಇಂಚು ಹಿಂದೆ ನೆಲ ಹೊಡೆಯುವುದನ್ನು ಯಾವ ಹೊಸ ಕ್ಲಬ್ಬೂ ಸರಿಮಾಡಿಕೊಡುವುದಿಲ್ಲ.

ವಾರಕ್ಕೆ ಎಷ್ಟು ಚೆಂಡು ಹೊಡೆಯಬೇಕು?

ಲೆಕ್ಕಕ್ಕಿಂತ ರೀತಿ ಮುಖ್ಯ. ಅರವತ್ತು ಚೆಂಡು ಇದ್ದರೆ ನಾನು ಹೀಗೆ ಹಂಚುತ್ತೇನೆ. ಮೊದಲ ಇಪ್ಪತ್ತು ಗೆರೆ ಅಥವಾ ಟವೆಲ್ ಜೊತೆ, ಅರ್ಧ ಸ್ವಿಂಗ್. ಮುಂದಿನ ಇಪ್ಪತ್ತು ಸೆವೆನ್ ಐರನ್, ಕೋಲು ಇಟ್ಟು ದಿಕ್ಕು ನೋಡಿಕೊಂಡು. ಉಳಿದದ್ದು ಆಟದ ಥರ: ಪ್ರತಿ ಸಲ ಬೇರೆ ಕ್ಲಬ್, ಬೇರೆ ಗುರಿ, ನಡುವೆ ಅರ್ಧ ನಿಮಿಷ ಬಿಡುವು. ಹುಲ್ಲಿನ ಮೇಲಾದರೆ ಒಂದು ಡಿವಟ್‌ನ ಬೆನ್ನಿಗೇ ಮುಂದಿನ ಚೆಂಡು ಇಡಿ. ಕಿತ್ತದ್ದು ಒಂದು ಉದ್ದ ಪಟ್ಟಿಯಾಗುತ್ತದೆ, ಹುಲ್ಲು ಬೇಗ ಕೂಡಿಕೊಳ್ಳುತ್ತದೆ. ಮಣಿಕಟ್ಟು, ಮೊಣಕೈ ನೋಯತೊಡಗಿದರೆ ಅಲ್ಲಿಗೆ ನಿಲ್ಲಿಸಿ.

ಎಷ್ಟು ಚೆನ್ನಾಗಿ ಆಡಿದರೆ "ಸ್ಥಿರ" ಅನ್ನಬಹುದು?

ಈ ಪ್ರಶ್ನೆ ಎಲ್ಲರೂ ಕೇಳಬೇಕು. ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರ್‌ನ ಆಟಗಾರರು ಕೂಡ ಸರಾಸರಿಯಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಗ್ರೀನ್ ತಪ್ಪಿಸುತ್ತಾರೆ. ಟೈಗರ್ ವುಡ್ಸ್ ತಮ್ಮ ಆಟದ ತುತ್ತತುದಿಯಲ್ಲಿದ್ದ 2000ದಲ್ಲಿ ಮುಟ್ಟಿದ್ದು ಸುಮಾರು 75 ಶೇಕಡಾ ಗ್ರೀನ್. ನಾಲ್ಕರಲ್ಲಿ ಒಂದು ಅವರಿಗೂ ತಪ್ಪುತ್ತಿತ್ತು. ಅವರ ಕೆಟ್ಟ ಹೊಡೆತ ಗ್ರೀನ್ ಪಕ್ಕದಲ್ಲಿ ಬೀಳುತ್ತಿತ್ತು, ನಮ್ಮದು ಐವತ್ತು ಗಜ ಹಿಂದೆಯೇ ನಿಲ್ಲುತ್ತದೆ. ನಿಮ್ಮ ಅತ್ಯುತ್ತಮ ಹೊಡೆತವನ್ನು ಇನ್ನೂ ಚೆನ್ನಾಗಿ ಮಾಡಲು ಹೋಗಬೇಡಿ. ಕೆಟ್ಟ ಹೊಡೆತ ಎಷ್ಟು ಮುಂದೆ ಹೋಯಿತು ಅಂತ ತಿಂಗಳಿಗೊಮ್ಮೆ ನೋಡಿ.

ಆಟದ ಮಧ್ಯೆ ಐರನ್ ಕೆಟ್ಟುಹೋದರೆ ಆಗ ಏನು ಮಾಡಲಿ?

ಸ್ವಿಂಗ್ ರಿಪೇರಿಗೆ ಅದು ಸಮಯ ಅಲ್ಲ. ಒಂದು ನಂಬರ್ ದೊಡ್ಡ ಕ್ಲಬ್ ತೆಗೆದುಕೊಳ್ಳಿ. ಎರಡು ಬೆರಳಷ್ಟು ಕೆಳಗೆ ಹಿಡಿಯಿರಿ. ನಿಲ್ಲುವಾಗಲೇ ತೂಕ ಎಡಗಾಲಿನ ಮೇಲೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಚೆಂಡಿನ ಪಕ್ಕದಲ್ಲಿ ಒಂದು ಸಲ ಸುಮ್ನೆ ಬೀಸಿ, ಕ್ಲಬ್ ಹುಲ್ಲಿಗೆ ಎಲ್ಲಿ ತಾಗಿತು ನೋಡಿ. ಚೆಂಡು ಇರಬೇಕಾದ ಜಾಗಕ್ಕಿಂತ ಹಿಂದೆ ತಾಗಿತಾ? ಇನ್ನೊಂದು ಸಲ ಬೀಸಿ. ಮುಂದೆ ತಾಗಿದ ಮೇಲೆ ಮುಕ್ಕಾಲು ಸ್ವಿಂಗ್‌ನಲ್ಲಿ, ಗ್ರೀನ್‌ನ ಅಗಲವಾದ ಕಡೆಗೆ ಹೊಡೆಯಿರಿ. ಧ್ವಜದ ಕಡೆ ಇವತ್ತು ನೋಡಬೇಡಿ.